ನೊರೆ ಬಾರದ ನಲ್ಲಿ

ಆ ನಲ್ಲಿಯನ್ನು ಮಾಡಿದ ಮೂವರಲ್ಲಿ ಒಬ್ಬರೂ ಬಿಯರ್ ಕುಡಿದವರಲ್ಲ. ರಾಮನಗರದ ಹೊರಗೆ, ಮೈಸೂರು ರಸ್ತೆಯ ಪಕ್ಕದಲ್ಲಿ ಬಾರ್ ಮತ್ತು ಊಟದ ಹೋಟೆಲು ನಡೆಸುತ್ತಿದ್ದ ನನ್ನ ಭಾವ, ಅಂದರೆ ಅಕ್ಕನ ಗಂಡ, ಅಂಗಡಿ ತೆರೆಯುವ ಮೊದಲೇ ಕೆಂಗಲ್ ಆಂಜನೇಯನ ಮುಂದೆ ನಿಂತು, ಮಾರುತ್ತೇನೆ, ಮುಟ್ಟುವುದಿಲ್ಲ ಎಂದು ಹೇಳಿ ಬಂದಿದ್ದರು. ಚನ್ನಪಟ್ಟಣದಲ್ಲಿ ಲೇತಿನ ಮೇಲೆ ಗೊಂಬೆ ಮಾಡುತ್ತಿದ್ದ ಭಾಯಿ ಐದು ಹೊತ್ತಿನ ನಮಾಜಿನವರು. ನಾನು ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿ ಬಿಡದಿಯ ಒಂದು ಸಣ್ಣ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವಳು. ಬಸ್ಸಿನಲ್ಲಿ ಯಾರಾದರೂ ಕುಡಿದು ಪಕ್ಕಕ್ಕೆ ಬಂದರೆ ಎದ್ದು ಬೇರೆ ಕಡೆ ನಿಲ್ಲುತ್ತಿದ್ದೆ.

ಆ ವಾರದ ನನ್ನ ದಿನಚರಿಯಲ್ಲಿ ಇದರ ಬಗ್ಗೆ ಇರುವುದು ‘ನಲ್ಲಿ ಸರಿಹೋಯಿತು’ ಎಂಬ ಎರಡು ಪದ ಮಾತ್ರ. ಉಳಿದದ್ದೆಲ್ಲ ನೆನಪು. ನನ್ನ ನೆನಪನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಹೇಳಿ ಹೇಳಿ ಅದು ನುಣುಪಾಗಿದೆ. ಎಲ್ಲಿ ನನಗೆ ಅನುಮಾನವಿದೆಯೋ ಅಲ್ಲಿ ಹೇಳುತ್ತೇನೆ.

ಹೆದ್ದಾರಿ ಇನ್ನೂ ಅಗಲವಾಗಿರಲಿಲ್ಲ. ಡ್ರಾಫ್ಟ್ ಬಿಯರ್ ಎಂಬುದು ಬೆಂಗಳೂರಿನಿಂದ ಆಗಷ್ಟೇ ಈ ಕಡೆ ಹೊರಟಿತ್ತು. ಭಾವನ ಹೋಟೆಲಿಗೆ ಒಂದು ಕಂಪನಿಯವರು ಮೆಷಿನ್ ತಂದು ಕೂರಿಸಿದ್ದರು. ಸ್ಟೀಲಿನ ಪೀಪಾಯಿ, ಅದರ ಪಕ್ಕದಲ್ಲಿ ಗ್ಯಾಸ್ ಸಿಲಿಂಡರ್, ತಂಪು ಮಾಡುವ ಪೆಟ್ಟಿಗೆ, ಕಟ್ಟೆಯ ಮೇಲೆ ಒಂದು ನಲ್ಲಿ. ಆದರೆ ಪೀಪಾಯಿ ಲಾರಿಯಲ್ಲಿ ಬಿಸಿಲಿಗೆ ಕಾದು, ಕುಲುಕಿ ಬರುತ್ತಿತ್ತು. ಕರೆಂಟ್ ಹೋದರೆ ಪೆಟ್ಟಿಗೆಯೂ ಬೆಚ್ಚಗಾಗುತ್ತಿತ್ತು. ನಲ್ಲಿ ತಿರುಗಿಸಿದರೆ ಮಗ್ಗಿನ ಮುಕ್ಕಾಲು ಭಾಗ ಬರೀ ನೊರೆ.

ನೊರೆ ಎಂದರೆ ಈ ಕಡೆಯ ಜನಕ್ಕೆ ಏನೆಂದು ಕಂಪನಿಯವರಿಗೆ ಗೊತ್ತಿರಲಿಲ್ಲ. ನಮ್ಮೂರು ಮಾಗಡಿ ಕಡೆ. ಬೆಳಿಗ್ಗೆ ಹಾಲಿನ ಸೊಸೈಟಿಯಲ್ಲಿ ಯಾರಾದರೂ ಕ್ಯಾನನ್ನು ಎತ್ತರದಿಂದ ಸುರಿದು ಅಳತೆಯಲ್ಲಿ ನೊರೆ ಎಬ್ಬಿಸಿದರೆ ಸಾಲಿನಲ್ಲಿದ್ದವರೆಲ್ಲ ಬಾಯಿಗೆ ಬಂದಂತೆ ಬೈಯುತ್ತಿದ್ದರು. ನೊರೆ ಇಳಿಯುವ ತನಕ ಸೆಕ್ರೆಟರಿ ಬರೆದುಕೊಳ್ಳುತ್ತಿರಲಿಲ್ಲ. ಹಾಗೆ ಬೆಳೆದವರು ಬಾರಿಗೆ ಬಂದು ಮಗ್ಗಿನಲ್ಲಿ ನೊರೆ ಕಂಡರೆ ಸುಮ್ಮನಿರುತ್ತಾರೆಯೇ?

“ಏನ್ಲಾ ಇದು, ಸೋಪು ನೀರು ಕೊಡ್ತಾ ಇದೀಯಾ?”

“ಒಸಿ ಕೆಳಗ್ ನೋಡಣ್ಣ, ಬಿಯರ್ ಐತೆ.”

“ಕೆಳಗ್ ನೋಡಕ್ಕೆ ನಾನೇನ್ ಬಾವಿ ಇಣುಕ್ತಾ ಇದೀನಾ? ತುಂಬುಸ್ಲಾ!”

ನೊರೆ ಚೆಲ್ಲಿ ತುಂಬಿಸಿ ಕೊಟ್ಟರೆ ಪೀಪಾಯಿಯ ಅರ್ಧ ಮೋರಿಗೆ. ಕಂಪನಿಯ ಮನುಷ್ಯ ಬಂದು ನೋಡಿ, ಮುಂದಿನ ಶುಕ್ರವಾರ ಮತ್ತೆ ಬರುತ್ತೇನೆ, ಇದೇ ಗತಿಯಾದರೆ ಮೆಷಿನ್ ಬೇರೆ ಕಡೆಗೆ ಒಯ್ಯುತ್ತೇನೆ ಎಂದು ಹೇಳಿ ಹೋದ.

ಮೆಷಿನ್ ಹೋದರೆ ಹೋಗಲಿ ಎನ್ನುವ ಹಾಗಿರಲಿಲ್ಲ. ಭಾವನ ಅಣ್ಣ ಕನಕಪುರದ ಹತ್ತಿರದ ಹಳ್ಳಿಯಲ್ಲಿ ಮನೆಯ ಯಜಮಾನ. ಮೆಷಿನ್ ನಂಬಿಕೊಂಡು ಹೋಟೆಲು ಮಾಡಿದ್ದೀಯ, ಅದು ನಡೆಯದಿದ್ದರೆ ಬಾಗಿಲು ಹಾಕಿ ಹೆಂಡತಿಯ ಜೊತೆ ಊರಿಗೆ ಬಂದುಬಿಡಬೇಕು ಎಂದು ಮೊದಲೇ ಮಾತು ತೆಗೆದುಕೊಂಡಿದ್ದರು. ಆ ಮನೆಗೆ ಅಕ್ಕ ಹಿಂತಿರುಗುವುದು ನನಗೆ ಬೇಡವಾಗಿತ್ತು. ಅವರದು ರೇಷ್ಮೆ ಸಾಕುವ ಮನೆ. ಹುಳು ಪೊರೆ ಬಿಡುವಾಗ ‘ಜ್ವರಕ್ಕೆ ಕೂತಿದೆ’ ಎನ್ನುತ್ತಾರೆ. ಆಗ ಮನೆಯವರೆಲ್ಲ ಮೆಲ್ಲಗೆ ನಡೆಯುತ್ತಾರೆ, ಬಾಗಿಲು ಸಪ್ಪಳ ಮಾಡುವುದಿಲ್ಲ. ಅಕ್ಕನಿಗೆ ಜ್ವರ ಬಂದಾಗ ಅವಳನ್ನು ಎಬ್ಬಿಸಿ ಹಿಪ್ಪುನೇರಳೆ ಸೊಪ್ಪು ತರಲು ಕಳಿಸಿದ್ದರು, ಹುಳು ಹಸಿದಿದೆ ಎಂದು. ಹೊಟ್ಟೆಯಲ್ಲಿದ್ದ ಮಗು ಆ ವಾರವೇ ಹೋಯಿತು. ಅದಾದ ಮೇಲೆ ಭಾವ ಹಟ ಹಿಡಿದು ರಾಮನಗರಕ್ಕೆ ಬಂದದ್ದು. ಈಗ ಅಕ್ಕ ಮತ್ತೆ ಬಸುರಿ.

ಹಾಗಾಗಿ ನಾನು ನಲ್ಲಿಯ ಹಿಂದೆ ಬಿದ್ದೆ.

ಲೆಕ್ಕಾಚಾರದಲ್ಲಿ ಅದು ಕಷ್ಟದ್ದಲ್ಲ. ಬಿಯರಿನಲ್ಲಿ ಗ್ಯಾಸು ಒತ್ತಡದಿಂದ ಅಡಗಿ ಕೂತಿರುತ್ತದೆ. ನಲ್ಲಿಯ ಬಾಯಲ್ಲಿ ಒತ್ತಡ ಒಮ್ಮೆಲೇ ಬಿಟ್ಟುಹೋದರೆ ಗ್ಯಾಸೆಲ್ಲ ಒಟ್ಟಿಗೆ ಎದ್ದು ನೊರೆಯಾಗುತ್ತದೆ. ಒತ್ತಡ ಸ್ವಲ್ಪ ಸ್ವಲ್ಪವಾಗಿ ಇಳಿದರೆ ಗ್ಯಾಸು ಏಳುವುದಿಲ್ಲ. ನಲ್ಲಿಯೊಳಗೆ ಉದ್ದನೆಯ ಕೊಳವೆ, ಒಂದು ಕಡೆ ಅಗಲ, ಇನ್ನೊಂದು ಕಡೆ ಕಿರಿದು. ಅದರೊಳಗೆ ಅದೇ ಆಕಾರದ, ಕ್ಯಾರೆಟ್ಟಿನಂಥ ಒಂದು ಬಿರಡೆ. ಎರಡರ ನಡುವಿನ ತೆಳ್ಳನೆಯ ಸಂದಿಯಲ್ಲಿ ಬಿಯರ್ ಉಜ್ಜಿಕೊಂಡು ಬರಬೇಕು. ಪಕ್ಕದಲ್ಲೊಂದು ಹಿಡಿ, ಅದನ್ನು ತಿರುಗಿಸಿದರೆ ಬಿರಡೆ ಹಿಂದೆ ಮುಂದೆ ಸರಿದು ಸಂದಿ ಹಿಗ್ಗುತ್ತದೆ, ಕುಗ್ಗುತ್ತದೆ. ಪೀಪಾಯಿ ಬೆಚ್ಚಗಿದ್ದ ದಿನ ಸಂದಿ ಕಿರಿದು ಮಾಡಬೇಕು, ತಣ್ಣಗಿದ್ದ ದಿನ ಅಗಲ ಮಾಡಬೇಕು. ಇಂಥ ನಲ್ಲಿ ಬೇರೆ ದೇಶಗಳಲ್ಲಿ ಆಗಲೇ ಇತ್ತು ಎಂದು ಆಮೇಲೆ ತಿಳಿಯಿತು. ಆಗ ನಾನು ಅದನ್ನು ಎಲ್ಲೋ ಓದಿದ್ದೆನೋ, ನನಗೇ ಹೊಳೆಯಿತೋ? ನನಗೇ ಹೊಳೆಯಿತು ಎಂದುಕೊಳ್ಳಲು ಇಷ್ಟ. ಇಷ್ಟವಾದ್ದರಿಂದಲೇ ಅನುಮಾನ.

ಸ್ಟೀಲಿನ ಕೊಳವೆಯನ್ನು ನಮ್ಮ ಕಾರ್ಖಾನೆಯಲ್ಲೇ, ಮಾಲೀಕರನ್ನು ಕೇಳಿ ಮಾಡಿಸಿಕೊಂಡೆ. ಬಿರಡೆಯನ್ನು ನೈಲಾನಿನಲ್ಲಿ ಮಾಡಬೇಕಿತ್ತು. ಬಿರಡೆ ಒಂದೇ ಸಲಕ್ಕೆ ಸರಿಹೋಗುವುದಿಲ್ಲ, ಮತ್ತೆ ಮತ್ತೆ ತಿದ್ದಬೇಕಾಗುತ್ತದೆ. ಅದಕ್ಕೆ ಕಾರ್ಖಾನೆಯ ಲೇತು ಬಿಟ್ಟುಕೊಡಲಿಲ್ಲ. ಭಾವನಿಗೆ ಚನ್ನಪಟ್ಟಣದ ಭಾಯಿ ಗೊತ್ತಿದ್ದರು. ಹೋಟೆಲಿನ ಕೀ ಗೊಂಚಲಿಗೆ ಬಣ್ಣದ ಬುಗುರಿ ಮಾಡಿಕೊಟ್ಟವರು ಅವರೇ.

ಭಾಯಿ ದೊಡ್ಡ ಬಾಯಿಯ ಮನುಷ್ಯ. “ಬಿರಡೆ ತಾನೇ? ನಾನು ರಾಜನ್ನ ಮಾಡ್ತೀನಿ, ಮಂತ್ರಿನ್ನ ಮಾಡ್ತೀನಿ, ಚೆಸ್ ಸೆಟ್ಟು ಫಾರಿನ್‌ಗೆ ಹೋಗ್ತದೆ. ಬಿರಡೆ ಏನಮ್ಮಾ ಮಹಾ!” ಎಂದು ಉಳಿ ಹಿಡಿದು ಕೂತರು. ಮಾರನೆಯ ದಿನ ಕೊಟ್ಟ ಬಿರಡೆ ನೋಡಲು ಚೆಂದವಿತ್ತು. ಹಾಕಿ ನಲ್ಲಿ ಬಿಟ್ಟರೆ ನೊರೆ ಮೊದಲಿಗಿಂತ ಜೋರಾಗಿ ಹಾರಿ ಭಾವನ ಅಂಗಿಯೆಲ್ಲ ತೊಯ್ದಿತು. ಬಿಚ್ಚಿ ನೋಡಿದೆ. ಬಿರಡೆಯ ಸೊಂಟದ ಸುತ್ತ ಬಳೆ ಹಾಕಿದಂತೆ ಸಾಲು ಗೀರು ಕೊರೆದಿದ್ದರು.

“ಇದು ಯಾಕೆ ಭಾಯಿ?”

“ಡಿಸೈನು.”

“ನಾನು ಹೇಳಿರಲಿಲ್ವಲ್ಲ?”

“ಅದನ್ನೂ ಹೇಳ್ಬೇಕಾ? ಬೋಳು ಬೋಳಾಗಿ ಹೆಂಗೆ ಕೊಡೋದು? ನಮ್ಮ ಕೈಯಿಂದ ಹೋಗೋ ಮಾಲಿಗೆ ಒಂದು ಗೀರಾದ್ರೂ ಇರ್ಬೇಕು. ಇಲ್ದಿದ್ರೆ ನೋಡಿದವರು ಏನಂತಾರೆ?”

“ಯಾರೂ ನೋಡಲ್ಲ ಭಾಯಿ, ಅದು ಒಳಗಿರುತ್ತೆ.”

“ನಾನು ನೋಡ್ತೀನಲ್ಲಾ?”

ಬಿಯರ್ ಆ ಒಂದೊಂದು ಗೀರಿನಲ್ಲೂ ಎಡವುತ್ತಿತ್ತು. ಎಡವಿದಲ್ಲೆಲ್ಲ ಗ್ಯಾಸು ಏಳುತ್ತಿತ್ತು. ಅದನ್ನು ಅವರಿಗೆ ಅರ್ಥ ಮಾಡಿಸಲು ಜಗಳವೇ ಆಯಿತು. ಕೊನೆಗೆ ಗೀರಿಲ್ಲದ ಬಿರಡೆ ಮಾಡಿಕೊಟ್ಟರು, ಮುಖ ಸಣ್ಣಗೆ ಮಾಡಿಕೊಂಡು. ಹೊರಗೆ ಕಾಣುವ ಹಿಡಿಯನ್ನು ಮಾತ್ರ ಮರದಲ್ಲಿ ಮಾಡಿ, ಅರಗಿನ ಬಣ್ಣ ಹಾಕಿ, ಬೇಕಾದಷ್ಟು ಗೀರು ಕೊರೆದು ಸಿಟ್ಟು ತೀರಿಸಿಕೊಂಡರು.

ಗುರುವಾರದ ಹೊತ್ತಿಗೆ ನಲ್ಲಿ ಸಿದ್ಧವಾಯಿತು. ಸಂದಿ ಕಿರಿದು ಮಾಡುತ್ತಾ ಹೋದೆ. ಮಗ್ಗಿನಲ್ಲಿ ನೊರೆ ಇಳಿಯುತ್ತಾ ಬಂದು, ಒಂದು ಹಂತದಲ್ಲಿ ಪೂರಾ ನಿಂತೇ ಹೋಯಿತು. ಬಿಯರ್ ಎಣ್ಣೆಯಂತೆ ಮೆಲ್ಲಗೆ ಇಳಿದು ಕಂಠದವರೆಗೆ ತುಂಬಿ ಅಲುಗಾಡದೆ ನಿಂತಿತು. ಅಳತೆ ಹಾಕಿದ ಹಾಲಿನ ಹಾಗೆ. ನಾವು ಮೂವರೂ ಅದನ್ನೇ ನೋಡುತ್ತಾ ನಿಂತೆವು. ಸಂಜೆ ಬಂದ ಗಿರಾಕಿಗಳೂ ಖುಷಿಯಾದರು. “ಈಗ ನ್ಯಾಯ ಕಣಯ್ಯ” ಎಂದು ಒಬ್ಬ ಮಗ್ ಎತ್ತಿ ತೋರಿಸಿದ.

ಬಡಿಸುವವರು ಹಿಡಿ ತಿರುಗಿಸಿ ಕೆಡಿಸಿಯಾರು ಎಂದು ಭಾವನಿಗೆ ಹೆದರಿಕೆ. “ಭಾಯಿ, ಇದು ಹಿಂಗೇ ಇರ್ಬೇಕು. ಯಾರೂ ಅಲ್ಲಾಡಿಸಬಾರ್ದು, ಹಂಗೆ ಮಾಡಿ” ಎಂದರು. ಭಾಯಿ ಹಿಡಿಯ ಬುಡಕ್ಕೆ ಒಂದು ಸ್ಕ್ರೂ ಬಿಗಿದರು. ಅಷ್ಟಕ್ಕೇ ಬಿಡದೆ, ಅರಗಿನ ಕಡ್ಡಿಯನ್ನು ಬೆಂಕಿಕಡ್ಡಿಯಲ್ಲಿ ಕಾಯಿಸಿ ಸ್ಕ್ರೂವಿನ ತಲೆಯ ಸೀಳಿಗೆ ತುಂಬಿ, ಬೆರಳಲ್ಲಿ ಒತ್ತಿ ನುಣುಪು ಮಾಡಿದರು. ಗೊಂಬೆಯಲ್ಲಿ ಮೊಳೆಯ ತಲೆ ಕಾಣದಂತೆ ಅವರು ಮಾಡುವುದೇ ಹಾಗೆ. ನನ್ನ ನೆನಪಿನಲ್ಲಿ ಆ ಅರಗು ಕೆಂಪು. ಅಕ್ಕ ಹಸಿರು ಎನ್ನುತ್ತಾಳೆ.

ಶುಕ್ರವಾರ ನಾನು ರಜೆ ಹಾಕಿ ಬಂದೆ. ಕಂಪನಿಯವನಿಗಿಂತ ಮೊದಲು ಬಂದವರು ಭಾವನ ಅಣ್ಣ. ರಾಮನಗರದ ಗೂಡಿನ ಮಾರುಕಟ್ಟೆಗೆ ರೇಷ್ಮೆ ಗೂಡು ಹಾಕಿ, ಖಾಲಿ ಟೆಂಪೋವನ್ನು ಹೋಟೆಲಿನ ಮುಂದೆ ನಿಲ್ಲಿಸಿಕೊಂಡು ಒಳಗೆ ಬಂದು ಕಾಫಿಗೆ ಹೇಳಿದರು.

“ಗಾಡಿ ಖಾಲಿ ಐತೆ ಕಣ್ಲಾ. ಇನ್ನೊಂದ್ ಸಲ ಬಾಡಿಗೆ ಯಾಕೆ ಕೊಡೋದು? ಪಾತ್ರೆ ಪಡಗ ಇವತ್ತೇ ಹಾಕ್ಕೊಂಡ್ ಹೋಗೋಣ ಅಂತ ಬಂದೆ.”

“ಇನ್ನೂ ಏನೂ ಆಗಿಲ್ಲ ಅಣ್ಣ,” ಎಂದರು ಭಾವ.

“ಆಯ್ತದೆ ಬುಡು.” ನನ್ನ ಕಡೆ ತಿರುಗಿ, “ಏನವ್ವ ಇಂಜಿನಿಯರಮ್ಮ, ಕಾಲೇಜಲ್ಲಿ ಇದನ್ನೇ ಕಲ್ಸುದ್ರಾ? ನಿಮ್ಮಪ್ಪ ಹಸ ಮಾರಿ ಓದುಸ್ದ, ನೀನು ಬಿಯರ್ ನಲ್ಲಿ ಮಾಡ್ತಾ ಕುಂತಿದೀಯ,” ಎಂದರು. ನಮ್ಮಪ್ಪ ಹಸು ಮಾರಿರಲಿಲ್ಲ.

ಅಕ್ಕ ಅಡುಗೆಮನೆಯಲ್ಲಿದ್ದಳು. ಅಡುಗೆಮನೆಗೂ ಬಾರಿಗೂ ನಡುವೆ ಒಂದು ಬಟ್ಟೆಯ ಪರದೆ. ಅದನ್ನು ದಾಟಿ ಅವಳು ಯಾವತ್ತೂ ಈಚೆ ಬರುತ್ತಿರಲಿಲ್ಲ. ಕುಡಿಯುವವರ ನಡುವೆ ಮನೆ ಸೊಸೆ ಕಾಣಿಸಿಕೊಳ್ಳಬಾರದು ಎಂಬುದು ಹೋಟೆಲಿಗೆ ಒಪ್ಪುವಾಗ ಇದೇ ಅಣ್ಣ ಹಾಕಿದ್ದ ಇನ್ನೊಂದು ಷರತ್ತು. ನಾನು ಒಳಗೆ ಹೋಗಿ ನೋಡಿದೆ. ಹುಳಿ ಕುದಿಯುತ್ತಿತ್ತು. “ಗಾಡಿ ತಂದವ್ರಾ?” ಎಂದಳು. ಹೂಂ ಎಂದೆ. ಒಲೆಯ ಉರಿ ಸಣ್ಣಗೆ ಮಾಡಿದಳು.

ಕಂಪನಿಯವನು ಬಂದ. ಬೆಂಗಳೂರಿನವನು, ಮೈಸೂರಿಗೆ ಹೊರಟಿದ್ದವನು, ಗಡಿಬಿಡಿಯಲ್ಲಿದ್ದ. ಹೊಸ ನಲ್ಲಿ ನೋಡಿ ಹುಬ್ಬೇರಿಸಿದ. ಭಾವ ಹೆಮ್ಮೆಯಿಂದ ಒಂದು ಮಗ್ ತುಂಬಿಸಿ ಮುಂದಿಟ್ಟರು. ಒಂದು ಗುಳ್ಳೆ ನೊರೆ ಇಲ್ಲ. ಅವನು ಮಗ್ಗನ್ನು ಬೆಳಕಿಗೆ ಹಿಡಿದ, ಮೂಸಿದ, ಮತ್ತೆ ಬೆಳಕಿಗೆ ಹಿಡಿದ.

“ಏನಿದು?”

“ನೊರೆನೇ ಬರಾಕಿಲ್ಲ ಈಗ, ನೋಡಿ ಸಾರ್.”

“ಅದೇ ಕೇಳ್ತಿರೋದು. ನೊರೆ ಎಲ್ಲಿ? ಇದು ಸತ್ತುಹೋಗಿರೋ ಬಿಯರ್. ಏನ್ ಬೆರೆಸಿದೀರಾ ಇದಕ್ಕೆ?”

ಭಾವ ನಕ್ಕರು, ತಮಾಷೆ ಎಂದುಕೊಂಡು. ಅವನು ನಗಲಿಲ್ಲ. “ಮೇಲೆ ಎರಡು ಬೆರಳಿನಷ್ಟು ನೊರೆ ನಿಲ್ಲಬೇಕ್ರೀ ಬಿಯರಿಗೆ. ನೀರು ಬೆರೆಸಿದ್ರೆ ಹಿಂಗಾಗೋದು. ಇದನ್ನ ನಾನು ರಿಪೋರ್ಟ್ ಮಾಡ್ಬೇಕಾಗುತ್ತೆ. ಮೆಷಿನ್ ಬಿಡಿ, ಲೈಸೆನ್ಸೇ ಹೋಗುತ್ತೆ.”

ನೊರೆ ಬೇಕು ಎಂಬುದೇ ನಮ್ಮ ಮೂವರಲ್ಲಿ ಯಾರ ತಲೆಗೂ ಬಂದಿರಲಿಲ್ಲ. ಎಷ್ಟು ಬೇಕು ಎಂದು ನಾನು ಯಾರನ್ನೂ ಕೇಳಿರಲಿಲ್ಲ. ಬೇಡ ಎನ್ನುವವರ ನಡುವೆಯೇ ಇದ್ದೆ. ಹಿಂದಿನ ದಿನ ಖುಷಿಪಟ್ಟ ಗಿರಾಕಿಯನ್ನು ಕರೆದು ಸಾಕ್ಷಿ ಹೇಳಿಸಲೇ ಎಂಬ ಹುಚ್ಚು ಯೋಚನೆಯೂ ಬಂತು.

“ಗ್ಯಾಸ್ ಹೋಗಿಲ್ಲ ಸಾರ್, ಒಳಗೇ ಇದೆ,” ಎಂದೆ. “ಹರಿವು ನಿಧಾನ ಮಾಡಿದೀವಿ, ಅದಕ್ಕೆ ಎದ್ದಿಲ್ಲ. ಹಿಡಿ ತಿರುಗಿಸಿದರೆ ನೊರೆ ಬರುತ್ತೆ.”

“ತಿರುಗಿಸಿ ಮತ್ತೆ.”

ಹಿಡಿ ತಿರುಗಲಿಲ್ಲ. ಸ್ಕ್ರೂ. ನಾನು ಭಾವನಿಂದ ಸ್ಕ್ರೂ ಡ್ರೈವರ್ ಇಸಿದುಕೊಂಡೆ. ಸೀಳಿನ ತುಂಬ ಅರಗು ಗಟ್ಟಿಯಾಗಿ ಕೂತಿತ್ತು. ಸ್ಕ್ರೂ ಡ್ರೈವರ್ ಅದರ ಮೇಲೆ ಜಾರಿ ಜಾರಿ ಸ್ಟೀಲಿನ ಮೇಲೆ ಗೆರೆ ಎಳೆಯಿತು. ಭಾಯಿಗೆ ಫೋನ್ ಮಾಡಿದರು ಭಾವ. ಶುಕ್ರವಾರದ ನಮಾಜಿನ ಹೊತ್ತು. ಅವರ ಅಂಗಡಿಯಲ್ಲಿ ಫೋನಿನ ಗಂಟೆ ಹೊಡೆದುಕೊಂಡೇ ಇತ್ತು, ಯಾರೂ ಎತ್ತಲಿಲ್ಲ.

“ಇದೊಳ್ಳೆ ನಾಟಕ,” ಎಂದ ಕಂಪನಿಯವನು. ಪೆನ್ನು ತೆಗೆದ.

ಭಾವನ ಅಣ್ಣ ಕಾಫಿ ಲೋಟ ಕೆಳಗಿಟ್ಟು ಎದ್ದರು. “ನೀರು ಬೆರ್ಸುದ್ಯೇನ್ಲಾ? ಮನೆ ಮರ್ಯಾದೆ ರೋಡಿಗ್ ತಂದ್ಬುಟ್ಟಲ್ಲೋ! ಹೋಗು, ಒಳೀಕ್ ಹೋಗಿ ಅವ್ಳ್ಗೆ ಹೇಳು, ಗಂಟು ಕಟ್ಟಲಿ.”

ಭಾವ ಅಲುಗಲಿಲ್ಲ. ನಾನು ಸ್ಕ್ರೂ ಡ್ರೈವರಿನ ತುದಿಯಿಂದ ಅರಗು ಕೆತ್ತುತ್ತಲೇ ಇದ್ದೆ. ಪುಡಿ ಪುಡಿಯಾಗಿ ಏಳುತ್ತಿತ್ತೇ ಹೊರತು ಸೀಳು ಕಾಣುತ್ತಿರಲಿಲ್ಲ.

ಪರದೆ ಸರಿದು ಅಕ್ಕ ಬಂದಳು. ಒಂದು ಕೈಯಲ್ಲಿ ಸೆರಗು ಸುತ್ತಿ ಹಿಡಿದ ತರಕಾರಿ ಚಾಕು, ಇನ್ನೊಂದು ಕೈ ಹೊಟ್ಟೆಯ ಮೇಲೆ. ಒಲೆಯಲ್ಲಿಟ್ಟು ಕಾಯಿಸಿದ ಚಾಕು. ತುದಿ ಕಪ್ಪಗೆ ಕಂದಿತ್ತು. ಕುಡಿಯುತ್ತಿದ್ದವರು ಮಗ್ ಕೆಳಗಿಟ್ಟು ತಿರುಗಿದರು.

“ಒಸಿ ಸರ್ಕೊ,” ಎಂದಳು ನನಗೆ.

“ಏಯ್, ಒಳೀಕ್ ಹೋಗಮ್ಮ!” ಎಂದರು ಭಾವನ ಅಣ್ಣ.

“ಬತ್ತೀನಿ ಬಾವ, ಒಂದ್ ನಿಮಿಷ,” ಎಂದಳು ಅಕ್ಕ, ಗಂಡನ ಅಣ್ಣನಿಗೆ.

ಚಾಕುವಿನ ತುದಿಯನ್ನು ಸ್ಕ್ರೂವಿನ ತಲೆಗೆ ಒತ್ತಿದಳು. ಅರಗು ಮೊದಲು ಮಿರುಗಿತು, ಆಮೇಲೆ ಮೆತ್ತಗಾಗಿ ಪಕ್ಕಕ್ಕೆ ಹರಿಯಿತು. ಸುಟ್ಟ ಅರಗಿನ ವಾಸನೆ ಬಾರಿನ ತುಂಬ. ಒರೆಸಿ ಮತ್ತೆ ಒತ್ತಿದಳು. ಸೀಳು ಕಂಡಿತು. ಅದೇ ಚಾಕುವನ್ನು ಸೀಳಿಗೆ ಕೊಟ್ಟು ತಿರುಗಿಸಿದಳು. ಒಮ್ಮೆ ಜಾರಿತು, ಮತ್ತೆ ಕೊಟ್ಟಳು. ಸ್ಕ್ರೂ ಕಿರ್ ಎಂದು ಸಡಿಲವಾಯಿತು.

ನಾನು ಗಾಬರಿಯಲ್ಲಿ ಹಿಡಿಯನ್ನು ಪೂರ್ತಿ ತಿರುಗಿಸಿಬಿಟ್ಟೆ. ಬಿಯರ್ ನುಗ್ಗಿ ಬಂದು ಮಗ್ಗಿನ ತುಂಬ ನೊರೆ, ಉಕ್ಕಿ ಕಟ್ಟೆಯ ಮೇಲೆ ಹರಿಯಿತು.

“ಇದು ಮೊದಲಿನ ಕಥೆನೇ ಆಯ್ತಲ್ಲ,” ಎಂದ ಕಂಪನಿಯವನು. ಆದರೆ ಪೆನ್ನು ನಿಂತಿತ್ತು. ಸತ್ತ ಬಿಯರಿನಿಂದ, ನೀರು ಬೆರೆತ ಬಿಯರಿನಿಂದ ಅಷ್ಟು ನೊರೆ ಏಳುವುದಿಲ್ಲ ಎಂದು ನನಗಿಂತ ಅವನಿಗೆ ಚೆನ್ನಾಗಿ ಗೊತ್ತಿತ್ತು.

ಹಿಡಿಯನ್ನು ಹಿಂದಕ್ಕೆ ತಂದೆ, ಸ್ವಲ್ಪ. ಇನ್ನೊಂದು ಮಗ್. ನೊರೆ ಇಳಿಯಿತು, ಆದರೂ ಜಾಸ್ತಿ. ಇನ್ನೂ ಸ್ವಲ್ಪ ಹಿಂದಕ್ಕೆ. ಮಗ್ಗನ್ನು ಓರೆಯಾಗಿ ಹಿಡಿಯಬೇಕೆಂದು ಕೂಡ ನನಗೆ ತಿಳಿದಿರಲಿಲ್ಲ. ಕಂಪನಿಯವನೇ ಕೈ ಚಾಚಿ ನನ್ನ ಕೈಯಲ್ಲಿದ್ದ ಮಗ್ಗನ್ನು ಓರೆ ಮಾಡಿದ. ಬಿಯರ್ ಇಳಿಯಿತು. ತುಂಬುತ್ತಾ ಬಂದು ಮೇಲೆ ಬಿಳಿಯ ಪದರವೊಂದು ಕಟ್ಟಿತು. ಅವನು ಅದರ ಪಕ್ಕಕ್ಕೆ ತನ್ನ ಎರಡು ಬೆರಳು ಹಿಡಿದು ನೋಡಿದ. ಆಮೇಲೆ ಒಂದು ಗುಟುಕು ಕುಡಿದು ಮೀಸೆ ಒರೆಸಿಕೊಂಡ.

“ಹಿಂಗಿರಬೇಕು. ಯಾರು ಮಾಡಿದ್ದು ಈ ನಲ್ಲಿ?”

“ನನ್ನ ನಾದಿನಿ,” ಎಂದರು ಭಾವ.

“ಇವರಿಗೆ ಒಂದು ಸಲ ಬಿಯರ್ ಕುಡಿಸ್ರಿ, ಇನ್ನೂ ಚೆನ್ನಾಗಿ ಮಾಡ್ತಾರೆ,” ಎಂದು ಅವನೊಬ್ಬನೇ ನಕ್ಕು, ಮೆಷಿನ್ ಇರಲಿ ಎಂದು ಹೇಳಿ ಮೈಸೂರಿನ ಕಡೆ ಹೋದ.

ಅಕ್ಕ ಇನ್ನೂ ಅಲ್ಲೇ ನಿಂತಿದ್ದಳು. ಭಾವನ ಅಣ್ಣ ಅವಳನ್ನು ನೋಡಲಿಲ್ಲ, ಗೋಡೆ ನೋಡಿಕೊಂಡು ಮಾತಾಡಿದರು. “ಕುಡುಕರ ಮುಂದೆ ಚಾಕು ಹಿಡ್ಕೊಂಡ್ ನಿಂತವ್ಳೆ ನಮ್ಮನೆ ಸೊಸೆ. ಇದನ್ನೂ ನೋಡ್ದಂಗಾಯ್ತು.”

“ಊಟ ಆಗೈತೆ ಬಾವ. ಉಂಡ್ಕೊಂಡ್ ಹೋಗಿ,” ಎಂದಳು ಅಕ್ಕ.

ಅವರು ಉಣ್ಣಲಿಲ್ಲ. ಖಾಲಿ ಟೆಂಪೋ ಕನಕಪುರದ ಕಡೆ ತಿರುಗಿದ್ದನ್ನು ಬಾಗಿಲಲ್ಲಿ ನಿಂತು ನೋಡಿದೆ. ಹೊತ್ತು ಇಳಿದ ಮೇಲೆ ಭಾಯಿ ಫೋನ್ ಮಾಡಿ ಏನಾಯಿತೆಂದು ಕೇಳಿದರು. ಅರಗು ಕರಗಿಸಿದ ಕಥೆ ಕೇಳಿ, “ಅಷ್ಟು ನುಣುಪಾಗಿ ಮಾಡಿದ್ದೆ, ಹಾಳು ಮಾಡಿದ್ರಾ!” ಎಂದು ನೊಂದುಕೊಂಡರು. ಆಮೇಲೆ ಹಿಡಿಗೆ ಸ್ಕ್ರೂ ಹಾಕಲಿಲ್ಲ. ಊರ ಕಡೆಯವರು ಬಂದರೆ ಹಿಡಿ ಒಂದು ಕಡೆ, ಬೆಂಗಳೂರಿನ ಕಾರು ನಿಂತರೆ ಇನ್ನೊಂದು ಕಡೆ. ಆ ಮಳೆಗಾಲದಲ್ಲಿ ಅಕ್ಕನ ಮಗಳು ರಾಮನಗರದಲ್ಲೇ ಹುಟ್ಟಿದಳು.

ಇಷ್ಟು ವರ್ಷ ನಾನು ಈ ಕಥೆಯನ್ನು ಹೇಳಿದ್ದು ಹೀಗೆಯೇ. ನನ್ನ ನಲ್ಲಿ ನಡೆದದ್ದರಿಂದ ಅಕ್ಕ ಆ ಮನೆಗೆ ಹಿಂತಿರುಗುವುದು ತಪ್ಪಿತು ಎಂದು. ಹೋದ ತಿಂಗಳು ಅವಳ ಮುಂದೆಯೇ ಯಾರಿಗೋ ಹೇಳುತ್ತಿದ್ದೆ. ಅವಳು ಅವರೆಕಾಯಿ ಸುಲಿಯುತ್ತಾ ಕೇಳಿಸಿಕೊಂಡು, ಅವರು ಹೋದ ಮೇಲೆ ಹೇಳಿದಳು:

“ನಲ್ಲಿ ಕೆಟ್ಟೋಗಿದ್ರೂ ನಾನು ಹೋಯ್ತಿರ್ಲಿಲ್ಲ ಕಣೆ.”

“ಮತ್ತೆ ಚಾಕು ಹಿಡ್ಕೊಂಡು ಓಡಿ ಬಂದ್ಯಲ್ಲ?”

“ಅದು ನಿಮ್ ಭಾವನ್ನ ನೀರು ಬೆರೆಸ್ದ ಅಂದ್ನಲ್ಲ ಆ ಕಂಪನಿಯವ್ನು, ಅದಕ್ಕೆ. ಓಡಿ ಗೀಡಿ ಬರ್ಲಿಲ್ಲ, ನಡ್ಕೊಂಡೇ ಬಂದೆ.”

ಇದು ಅವಳಿಗೆ ಆಗಲೇ ಗೊತ್ತಿತ್ತೋ, ಈಗ ಹೀಗೆ ಅನ್ನಿಸುತ್ತದೋ, ನನಗೆ ತಿಳಿಯುವ ದಾರಿಯಿಲ್ಲ. ಅಂದು ಪರದೆಯ ಹಿಂದೆ ಅವಳ ಮುಖ ಹೇಗಿತ್ತು ಎಂದು ನೆನೆಯಲು ನೋಡಿದರೆ ಕುದಿಯುವ ಹುಳಿ ಮಾತ್ರ ಕಾಣುತ್ತದೆ. ಹೋಗದೆ ಏನು ಮಾಡುತ್ತಿದ್ದೆ, ಎಲ್ಲಿರುತ್ತಿದ್ದೆ ಎಂದು ಕೇಳಿದೆ.

“ಬಿಡದೀಗೆ, ನಿನ್ ರೂಮಿಗೆ ಬತ್ತಿದ್ದೆ. ಇಟ್ಕೊಳ್ತಿರ್ಲಿಲ್ವಾ?”

ಬಿಡದಿಯ ಆ ರೂಮು ನನ್ನೊಬ್ಬಳದಲ್ಲ, ಜೊತೆಯಲ್ಲಿ ಕೆಲಸ ಮಾಡುವ ಇನ್ನಿಬ್ಬರಿದ್ದರು. ನೆಂಟರು ಬಂದು ಉಳಿದರೆ ಓನರ್ ಕೂಗಾಡುತ್ತಿದ್ದರು. ನಾನು ಆ ವಾರವೆಲ್ಲ ಬಿರಡೆಯ ಬಗ್ಗೆ, ಸಂದಿಯ ಬಗ್ಗೆ ಯೋಚಿಸಿದ್ದೆ. ಅಕ್ಕನನ್ನು ಬಾ ಎಂದು ಕರೆಯಬಹುದೆಂದು ಒಮ್ಮೆಯಾದರೂ ಯೋಚಿಸಿದ್ದೆನೇ?

“ಇಟ್ಕೊಳ್ತಿದ್ದೆ,” ಎಂದೆ.

ಅವಳು ಸುಲಿದ ಕಾಳನ್ನು ನನ್ನ ಕಡೆ ಸರಿಸಿ, ಹುಳುಕು ಆರಿಸಲು ಹೇಳಿದಳು.